ಯಾರೂ ಹೇಳಿಕೊಡದೇ ಕಲಿತ ಪಾಠ

ಕಳೆದ ತಿಂಗಳು ಬೆಂಗಳೂರಿನಲ್ಲಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ಖಾಸಗಿ ಕಂಪನಿ, ಆಫೀಸಿನಲ್ಲಿ ಕೂತು ಮಾಡುವ ಕೆಲಸ. ಎಕ್ಸೆಲ್ ಬರುತ್ತದಾ, ಟ್ಯಾಲಿ ಬರುತ್ತದಾ ಎಂಬ ಪ್ರಶ್ನೆಗಳು ಮುಗಿದವು ಎನ್ನುವಾಗ, ಮೂವರಲ್ಲಿ ಹಿರಿಯರಾಗಿದ್ದ ಮೇಡಂ ಕೇಳಿದರು: ‘ಇದು ಸರಿ, ಇದು ತಪ್ಪು ಅಂತ ನಿಮಗೊಂದು ಲೆಕ್ಕ ಇರುತ್ತದಲ್ಲ, ಅದನ್ನು ಎಲ್ಲಿ ಕಲಿತಿರಿ?’

ನನಗೆ ಒಳಗೊಳಗೇ ಖುಷಿಯಾಯಿತು. ಪಿಯುಸಿಯಲ್ಲಿ ಸಮಾಜಶಾಸ್ತ್ರ ಓದಿದವರಿಗೆ ‘ಸಾಮಾಜೀಕರಣ’ ಅಂದರೆ ಬಾಯಿಪಾಠ. ಕುಟುಂಬ, ಸಮವಯಸ್ಕರ ಗುಂಪು, ಶಾಲೆ, ಧರ್ಮ, ಸಮೂಹ ಮಾಧ್ಯಮ ಎಂದು ಬೆರಳು ಮಡಚುತ್ತ ಹೇಳಿಬಿಟ್ಟೆ. ಅವರು ನಕ್ಕರು. ‘ಇದು ಪುಸ್ತಕದ ಉತ್ತರ. ನಿಮ್ಮದು ಹೇಳಿ’ ಎಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್‌ನ ಮೇಲಿನ ಬರ್ತ್‌ನಲ್ಲಿ ಮಲಗಿಕೊಂಡು ಅದೇ ಪ್ರಶ್ನೆಯನ್ನು ಮಗುಚಿ ಮಗುಚಿ ನೋಡಿದೆ. ಬೆಳಗಾಗಿ ರೈಲು ಭಟ್ಕಳ ದಾಟಿ ಹೊನ್ನಾವರ ತಲುಪುವಷ್ಟರಲ್ಲಿ ಉತ್ತರ ಅಷ್ಟಿಷ್ಟು ಹೊಳೆದಿತ್ತು. ಸಂದರ್ಶನದವರಿಗೆ ಹೇಳಲು ತಡವಾಯಿತು. ನನ್ನ ಹಾಗೆಯೇ ಫೈಲು ಹಿಡಿದು ಅಲೆಯುತ್ತಿರುವ ಈ ಪುಟದ ಓದುಗರಿಗಾದರೂ ಹೇಳೋಣ ಎನಿಸಿತು.

ನಾಲ್ಕು ಬಂಗಡೆ

ನಮ್ಮದು ಹೊನ್ನಾವರ ಬಂದರದ ಹತ್ತಿರದ ಖಾರ್ವಿ ಮನೆ. ಮನೆಮಾತು ಕೊಂಕಣಿ. ಆಯಿ ಮೀನು ಮಾರುತ್ತಾಳೆ. ಬೆಳಗಿನ ಹರಾಜಿನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಬರುವವಳು. ನಾನು ಚಿಕ್ಕವಳಿದ್ದಾಗ ಮಾರಿ ಉಳಿದದ್ದರಲ್ಲಿ ನಾಲ್ಕು ಬಂಗಡೆಯನ್ನೋ ಒಂದು ಹಿಡಿ ತಾರ್ಲೆಯನ್ನೋ ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಓಣಿಯ ತುದಿಯಲ್ಲಿ ಒಬ್ಬರೇ ಇದ್ದ ಅಜ್ಜಿಯ ಮನೆ ಬಾಗಿಲಿಗೆ ಅದನ್ನು ಇಟ್ಟು ಬರುವುದು ನನ್ನ ಕೆಲಸ. ‘ನಾವ್ಯಾಕೆ ಕೊಡಬೇಕು?’ ಎಂದು ಒಮ್ಮೆ ಕೇಳಿದ್ದಕ್ಕೆ ಆಯಿ, ‘ಅವಳ ಮನೆಯಿಂದ ದೋಣಿಗೆ ಹೋಗುವವರು ಯಾರಿದ್ದಾರೆ?’ ಎಂದಳು. ದಾನ, ಧರ್ಮ, ಪುಣ್ಯ ಅಂತ ಒಂದು ಶಬ್ದವೂ ಆಡಲಿಲ್ಲ.

ಆ ಲೆಕ್ಕ ಎಲ್ಲಿಂದ ಬಂತು ಎಂಬುದು ಅಜ್ಜ ಹೇಳುತ್ತಿದ್ದ ರಂಪಣಿಯ ಕತೆ ಕೇಳಿದ ಮೇಲೆ ಅರ್ಥವಾಯಿತು. ರಂಪಣಿ ಎಂದರೆ ಒಬ್ಬಿಬ್ಬರು ಎಳೆಯುವ ಬಲೆಯಲ್ಲ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಸಮುದ್ರಕ್ಕೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯಬೇಕು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಪಾಲು. ಹಗ್ಗಕ್ಕೆ ಕೈ ಹಚ್ಚಿದ ಮುದುಕನೂ ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ನಾಳೆ ಎಳೆಯಲು ಎಲ್ಲರೂ ಬೇಕಲ್ಲ! ಹಂಚಿ ತಿನ್ನುವುದು ಅಲ್ಲಿ ಒಳ್ಳೆಯತನಕ್ಕಿಂತ ಮೊದಲು ಕೆಲಸದ ಭಾಗವಾಗಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಬಲೆಗೆ ಬೀಳತೊಡಗಿತು. ರಂಪಣಿ ಮೂಲೆ ಸೇರಿತು. ಬಲೆ ಹೋದರೂ ನಾಲ್ಕು ಬಂಗಡೆ ಕೊಡುವ ಅಭ್ಯಾಸ ಆಯಿಯ ಕೈಯಲ್ಲಿ ಉಳಿದಿತ್ತು. ನನ್ನ ಕೈಯಲ್ಲಿ ಎಷ್ಟು ಉಳಿಯುತ್ತದೋ ಗೊತ್ತಿಲ್ಲ. ನಾನು ಹಗ್ಗ ಎಳೆದವಳಲ್ಲ, ಎಳೆಯುವುದನ್ನು ನೋಡಿದವಳೂ ಅಲ್ಲ.

ಇಂಥದ್ದೇ ಒಂದು ಪಾಠ ಕುಮಟಾದ ಗೆಳತಿಯ ಮನೆಯಲ್ಲಿ ಸಿಕ್ಕಿತು. ಅಘನಾಶಿನಿ ನದಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿ, ಮಾಣಿಕಟ್ಟಾದಂಥ ಊರುಗಳಲ್ಲಿ, ಗಜನಿ ಗದ್ದೆಗಳಿವೆ. ಅಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ. ಗೊಬ್ಬರ, ಔಷಧದ ಗೊಡವೆಯಿಲ್ಲ. ಆದರೆ ಹೊಳೆಯ ಕಡೆಗಿನ ಕಟ್ಟ ಗಟ್ಟಿಯಾಗಿರಬೇಕು. ‘ಒಬ್ಬನ ಕಡೆ ಕಟ್ಟ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನೀರೇ, ತಂಗೀ. ಅವ ನನ್ನ ಜಾತಿಯವನಾ, ನನ್ನ ಸಂಗಡ ಮಾತು ಬಿಟ್ಟವನಾ ಅಂತ ನೋಡ್ತಾ ಕೂತ್ರೆ ಆಗ್ತದಾ?’ ಎಂದರು ಗೆಳತಿಯ ಅಜ್ಜ. ಮಾತು ಬಿಟ್ಟವರು ಕೂಡ ಕಟ್ಟದ ಕೆಲಸಕ್ಕೆ ಒಟ್ಟಿಗೇ ಇಳಿಯುತ್ತಿದ್ದರಂತೆ. ಆಮೇಲೆ ಸೀಗಡಿ ಕೃಷಿ ಬಂತು, ಗದ್ದೆಗಳನ್ನು ಲೀಸಿಗೆ ಕೊಟ್ಟರು, ದುಡಿಯುವ ಮಕ್ಕಳು ಊರು ಬಿಟ್ಟರು. ಅಘನಾಶಿನಿಯ ಈ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅದನ್ನು ಒಂದು ಅಂಕದ ಪ್ರಶ್ನೆಯಾಗಿ ನೆನಪಿಟ್ಟುಕೊಂಡಿರುತ್ತೀರಿ. ಆ ಕಟ್ಟದ ಮೇಲೆ ನಿಂತಾಗ ನನಗೆ ಅನ್ನಿಸಿದ್ದು ಬೇರೆ. ಒಗ್ಗಟ್ಟು ಎಂಬ ಶಬ್ದವನ್ನು ನಾವು ಭಾಷಣದಲ್ಲಿ ಕೇಳಿದವರು. ಅವರು ಅದನ್ನು ಮಂಡಿಯವರೆಗಿನ ಕೆಸರಿನಲ್ಲಿ ಕಲಿತವರು.

ಹೇಳುವುದೊಂದು, ಕಾಣುವುದೊಂದು

ಇಷ್ಟು ಓದಿ, ಇವಳು ಹಳೆಯ ಕಾಲವನ್ನು ಹೊಗಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಯಾರೂ ಹೇಳಿಕೊಡದೇ ಕಲಿತದ್ದೆಲ್ಲ ಒಳ್ಳೆಯದೇ ಆಗಿರುವುದಿಲ್ಲ.

ನಮ್ಮ ಮನೆಯಲ್ಲಿ ನನಗೆ ಸಾವಿರ ಸಲ ಹೇಳಿದ ಮಾತು, ‘ಹೆಣ್ಣುಮಗಳು, ದನಿ ಎತ್ತಬೇಡ’. ಹೇಳುತ್ತಿದ್ದವಳು ಆಯಿ. ಅದೇ ಆಯಿ ಬೆಳಿಗ್ಗೆ ಬಂದರದಲ್ಲಿ ಐವತ್ತು ಗಂಡಸರ ನಡುವೆ ನಿಂತು ಬುಟ್ಟಿಗೆ ದರ ಕೂಗುತ್ತಿದ್ದಳು, ಮೋಸದ ತಕ್ಕಡಿಯವನ ಮಾನ ಹರಾಜಿಗಿಡುತ್ತಿದ್ದಳು, ಮನೆಯ ದುಡ್ಡಿನ ಲೆಕ್ಕವನ್ನೆಲ್ಲ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಸಂಜೆ ಊರಿನ ಹಿರಿಯರ ಸಭೆ ಇದ್ದರೆ ಮಾತ್ರ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದಳು. ನಾನು ಕಲಿತದ್ದು ಯಾವುದನ್ನು? ಎರಡನ್ನೂ. ಅಂಗಡಿಯಲ್ಲಿ ಚೌಕಾಸಿ ಮಾಡಲು ನನಗೆ ಹೆದರಿಕೆಯಿಲ್ಲ. ಕಾಲೇಜಿನ ಗುಂಪು ಚರ್ಚೆಯಲ್ಲಿ ಹುಡುಗರು ಶುರು ಮಾಡುವವರೆಗೆ ಬಾಯಿ ತೆರೆಯುತ್ತಿರಲಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1961ರಲ್ಲಿ ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದ್ದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು ಬಡಿಯುವುದನ್ನು ಕೆಲವು ಮಕ್ಕಳು ನೋಡಿದರು. ಇನ್ನು ಕೆಲವರು ನೋಡಲಿಲ್ಲ. ನೋಡಿದ ಮಕ್ಕಳು ತಮ್ಮ ಸರದಿ ಬಂದಾಗ ಅದೇ ಥರ ಗೊಂಬೆಯನ್ನು ಬಡಿದದ್ದು ಹೆಚ್ಚು. ‘ಹೊಡೆಯಿರಿ’ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಿಎಡ್ ಮಾಡಿದವರಿಗೆಲ್ಲ ಈ ಪ್ರಯೋಗ ಗೊತ್ತು. ನನಗೆ ಅದು ಪಾಠಕ್ಕಿಂತ ಹೆಚ್ಚಾಗಿ ಅರ್ಥವಾದದ್ದು ಆಯಿಯನ್ನು ನೋಡಿದಾಗ. ನಾವು ಕಲಿಯುವುದು ಹೇಳಿದ ಮಾತಿನಿಂದಲ್ಲ, ಕಣ್ಣಿಗೆ ಬಿದ್ದ ನಡತೆಯಿಂದ.

ಒಂದು ಫಾರ್ವರ್ಡ್

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು.

2017ರ ಡಿಸೆಂಬರ್. ನಾನಾಗ ಹೈಸ್ಕೂಲು. ಹೊನ್ನಾವರದಲ್ಲಿ ಒಬ್ಬ ಯುವಕ ಕಾಣೆಯಾಗಿ, ಎರಡು ದಿನಗಳ ನಂತರ ಕೆರೆಯಲ್ಲಿ ಶವ ಸಿಕ್ಕಿತು. ಒಂದು ಮನೆ ಮಗನನ್ನು ಕಳೆದುಕೊಂಡಿತ್ತು. ಅಳುವವರ ಜೊತೆ ಕೂರಬೇಕಾಗಿದ್ದ ಊರು ಮೊಬೈಲ್ ನೋಡುತ್ತ ಕೂತಿತು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಗಲಭೆ, ಬೆಂಕಿ, ನಿಷೇಧಾಜ್ಞೆ. ಅಣ್ಣನ ಫೋನಿಗೆ ನಿಮಿಷಕ್ಕೊಂದು ಮೆಸೇಜು. ಹೀಗೆ ಮಾಡಿ ಕೊಂದರಂತೆ, ಹಾಗೆ ಮಾಡಿದರಂತೆ ಎಂಬ ಭೀಕರ ವಿವರಗಳು. ಅದರಲ್ಲಿ ಒಂದನ್ನು ನಾನೂ ನನ್ನ ಕ್ಲಾಸಿನ ಗುಂಪಿಗೆ ಕಳಿಸಿದೆ. ನಿಜವಾ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಎಲ್ಲರೂ ಕಳಿಸುತ್ತಿದ್ದರು, ಅಷ್ಟೇ ಸಾಕಾಗಿತ್ತು. ತನಿಖೆ ನಡೆಸಿದ ಸಿಬಿಐ, ಅದು ಆಕಸ್ಮಿಕ ಸಾವು ಎಂದು 2022ರಲ್ಲಿ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು. ಆ ಸುದ್ದಿ ಓದುವಾಗ ನಾನು ಡಿಗ್ರಿಯಲ್ಲಿದ್ದೆ. ಐದು ವರ್ಷದ ಹಿಂದೆ ನಾನು ಕಳಿಸಿದ ಮೆಸೇಜನ್ನು ವಾಪಸ್ ತರುವ ಬಟನ್ ಯಾವ ಫೋನಿನಲ್ಲೂ ಇರಲಿಲ್ಲ.

ಡಿಗ್ರಿ ಮಾಡಿದ್ದು ಭಟ್ಕಳದಲ್ಲಿ. ದಿನಾ ಬಸ್ ಪಾಸಿನಲ್ಲಿ ಮಂಕಿ, ಮುರ್ಡೇಶ್ವರ, ಶಿರಾಲಿ ದಾಟಿ ಹೋಗಿ ಬರುವುದು. ಅಡ್ಮಿಶನ್ ಮಾಡಿಸುವಾಗ ನೆಂಟರೆಲ್ಲ, ‘ಭಟ್ಕಳದಲ್ಲಾ?’ ಎಂದು ಹುಬ್ಬೇರಿಸಿದ್ದರು. ಅದಕ್ಕಿಂತ ಹೆಚ್ಚು ಯಾರೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಗಲಭೆಯಲ್ಲಿ ಬೆಂದಿತ್ತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತ್ತು. ಆಗ ನಾನು ಹುಟ್ಟಿರಲೇ ಇಲ್ಲ. ಆದರೂ ಆ ಭಯ ನನಗೆ ಗೊತ್ತಿತ್ತು. ಅಪ್ಪ–ಅಮ್ಮಂದಿರ ಹೊಲಮನೆ ಮಕ್ಕಳಿಗೆ ಬರುವ ಹಾಗೆ ಅವರ ಹೆದರಿಕೆಯೂ ಬರುತ್ತದೆ, ಕಾಗದಪತ್ರ ಇಲ್ಲದೆ.

ಮೊದಲ ಸೆಮಿಸ್ಟರ್‌ನಲ್ಲಿ ನಾವು ಕೂರುತ್ತಿದ್ದ ಬೆಂಚುಗಳನ್ನು ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಯಾರು ಯಾವ ಓಣಿಯವರೆಂದು. ಹೀಗೇ ಕೂರಿ ಎಂದು ಯಾವ ಲೆಕ್ಚರರೂ ಹೇಳಿರಲಿಲ್ಲ. ಪ್ರಾಜೆಕ್ಟಿಗಾಗಿ ಹಾಜರಿ ಸಂಖ್ಯೆಯ ಪ್ರಕಾರ ಜೋಡಿ ಮಾಡಿದಾಗ ನನ್ನ ಪಾಲಿಗೆ ಬಂದವಳು ನವಾಯತ ಹುಡುಗಿ. ತಿಂಗಳು ಕಳೆದ ಮೇಲೆ ಅವಳ ಮನೆಗೆ ಹೋದೆ. ಅವಳ ಅಜ್ಜಿ ಒಳಗಿನಿಂದ ಏನೋ ಕೇಳಿದರು. ನಾನು ಯೋಚಿಸದೇ ಕೊಂಕಣಿಯಲ್ಲಿ ಉತ್ತರ ಕೊಟ್ಟುಬಿಟ್ಟೆ. ಊಟ ಮಾಡಿದೆಯಾ ಎಂದು ಕೇಳಿದ್ದರು, ಅದು ನನಗೆ ಅರ್ಥವಾಗಿತ್ತು! ನವಾಯತಿ ಭಾಷೆ ಕೊಂಕಣಿಯ ಬಳಗದ್ದೇ ಎಂದು ಆವರೆಗೆ ನನಗೆ ಯಾರೂ ಹೇಳಿರಲಿಲ್ಲ. ನಲವತ್ತು ಕಿಲೋಮೀಟರ್ ದೂರದ ಊರಿನ ಬಗ್ಗೆ ಹೆದರಿಕೆಯನ್ನು ಇಷ್ಟೊಂದು ಕಲಿಸಿದ್ದರು, ಅವರ ಅಜ್ಜಿಯ ಮಾತು ನಮ್ಮ ಅಜ್ಜಿಯ ಮಾತಿನ ಹಾಗೇ ಇದೆ ಎಂಬ ಒಂದು ಸಂಗತಿಯನ್ನು ಕಲಿಸಲು ಮರೆತಿದ್ದರು.

ಶಾವಿಗೆ ಬಿರಿಯಾನಿ ತಿನ್ನುತ್ತ ಕೂತಾಗ ನಾನು 2017ರ ಆ ಫಾರ್ವರ್ಡ್ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಆ ವಾರ ತಮ್ಮ ಮನೆಯ ಬಾಗಿಲೂ ಹಾಕಿಯೇ ಇತ್ತೆಂದಳು. ಅವರ ಫೋನಿಗೂ ಮೆಸೇಜು ಬರುತ್ತಿದ್ದವು, ನಮ್ಮ ಬಗ್ಗೆ. ‘ನಾನೂ ಒಂದನ್ನು ಕಳಿಸಿದ್ದೆ ಮಾರಾಯ್ತಿ’ ಎಂದಳು. ಇಬ್ಬರೂ ನಗಲಿಲ್ಲ.

ಎದುರಾಳಿಯ ಅರ್ಥ

ಈಗಿನ ಹುಡುಗರಿಗೆ ಮೌಲ್ಯವಿಲ್ಲ, ಎಲ್ಲ ಮೊಬೈಲು ಹಾಳು ಮಾಡಿತು ಎಂದು ಹಿರಿಯರು ಹೇಳುತ್ತಾರೆ. ಅರ್ಧ ನಿಜ. ಮೊಬೈಲು ಬರುವ ಮೊದಲೂ ಚಹದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇತ್ತು. ಅದನ್ನು ಯಾವ ಆ್ಯಪ್ ಕಲಿಸಿತ್ತು? ಮೌಲ್ಯ ಹಾಳಾಯಿತು ಎನ್ನುವುದಕ್ಕಿಂತ, ಒಳ್ಳೆಯ ಮೌಲ್ಯಗಳನ್ನು ಕಲಿಸುತ್ತಿದ್ದ ಕೆಲಸಗಳು ಹೋದವು ಎನ್ನುವುದು ಸರಿ. ರಂಪಣಿ ಹೋಯಿತು, ಗಜನಿ ಕಟ್ಟದ ಕೆಲಸ ಕಡಿಮೆಯಾಯಿತು. ಕೆಟ್ಟದ್ದನ್ನು ಕಲಿಸುವ ಕೆಲಸಗಳಿಗೆ ಮಾತ್ರ ಹೊಸ ಬೋಟು ಸಿಕ್ಕಿತು.

ಆದರೆ ಈ ನೆಲದಲ್ಲಿ ಇನ್ನೂ ಉಳಿದ ಶಾಲೆಯೊಂದಿದೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇವತ್ತಿಗೂ ಅಲ್ಲಿಂದ ಹೊರಡುತ್ತದೆ. ಅಜ್ಜನ ಹೆಗಲ ಮೇಲೆ ಕೂತು ಆಟ ನೋಡಿದವಳು ನಾನು. ನನಗೆ ಹೆಚ್ಚು ಹಿಡಿಸುವುದು ಮಾತ್ರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಇವತ್ತು ಕೃಷ್ಣನ ಅರ್ಥ ಹೇಳಿದವರು ನಾಳೆ ಕೌರವನ ಅರ್ಥ ಹೇಳುತ್ತಾರೆ, ಅಷ್ಟೇ ಗಟ್ಟಿಯಾಗಿ. ಎದುರಿನವನು ಮಾತು ಮುಗಿಸುವವರೆಗೆ ಕಾಯಬೇಕು. ಅವನ ಮಾತಿನ ಎಳೆಯನ್ನೇ ಹಿಡಿದು ಉತ್ತರ ಕೊಡಬೇಕು. ಕೇಳುತ್ತ ಕೂತ ನಮ್ಮಜ್ಜ ಕೌರವನಿಗೂ ತಲೆದೂಗುತ್ತಿದ್ದರು, ಕೃಷ್ಣನಿಗೂ ತಲೆದೂಗುತ್ತಿದ್ದರು. ಯಾರು ಸರಿ ಎಂಬುದು ಗೊತ್ತಿದ್ದೂ ಇನ್ನೊಬ್ಬನ ಮಾತನ್ನು ಪೂರ್ತಿ ಕೇಳುವುದು ಒಂದು ನಡತೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಲ್ಲದೇ ಇರುವುದು ಅದೇ. ಅಲ್ಲಿ ಒಂದು ಗುಂಪಿನಲ್ಲಿ ಬರೀ ಕೃಷ್ಣರು, ಇನ್ನೊಂದರಲ್ಲೂ ಬರೀ ಕೃಷ್ಣರು. ಕೌರವರೆಲ್ಲ ಬೇರೆ ಊರಿನಲ್ಲಿ.

ಬಗ್ಗುವ ಮರ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯಿದೆ. ಈ ವಿಷಯದಲ್ಲಿ ನಾನು ಗಾದೆಯನ್ನು ಒಪ್ಪುವುದಿಲ್ಲ. ನಮ್ಮ ಪಕ್ಕದ ಅಂಕೋಲಾದ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲಕ್ಕಿ ಹಾಡುಗಳನ್ನು ತಲೆಯಲ್ಲಿಟ್ಟುಕೊಂಡಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು, ಊರಿನ ಹೆಂಗಸರನ್ನು ಕಟ್ಟಿಕೊಂಡು ಅವರು ಸಾರಾಯಿಯ ವಿರುದ್ಧ ನಿಂತದ್ದು. ಗಂಡಸರು ಕುಡಿಯುವುದು ಸಹಜ ಎಂದು ಎಲ್ಲರೂ ಕಲಿತಿದ್ದ ಪಾಠವನ್ನು ಅವರು ನಡುವಯಸ್ಸಿನಲ್ಲಿ ಅಳಿಸಲು ಹೊರಟರು. ಕಲಿತದ್ದನ್ನು ಮರೆಯುವುದೂ ಕಲಿಕೆಯೇ.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆಂದರೆ, ನಾವು ಕೆಲಸ ಹುಡುಕುತ್ತಿರುವವರು ಇನ್ನೊಂದು ಶಾಲೆಯ ಬಾಗಿಲಲ್ಲಿದ್ದೇವೆ. ಬ್ಯಾಂಕೋ ತಾಲ್ಲೂಕು ಕಚೇರಿಯೋ ಬೆಂಗಳೂರಿನ ಕಂಪನಿಯೋ, ಮೊದಲ ವಾರದಲ್ಲೇ ಅಲ್ಲಿನ ರೀತಿ ನೀತಿ ನಮಗೆ ಅಂಟಿಕೊಳ್ಳುತ್ತದೆ. ನೇಮಕಾತಿ ಪತ್ರದ ಜೊತೆ ಕೊಡುವ ನಿಯಮಗಳ ಪುಸ್ತಕದಿಂದಲ್ಲ. ಪಕ್ಕದ ಟೇಬಲ್ಲಿನವರು ಅರ್ಜಿ ಹಿಡಿದು ಬಂದ ಮುದುಕಿಯನ್ನು ಕೂರಿಸಿ ಮಾತನಾಡುತ್ತಾರಾ, ನಿಲ್ಲಿಸಿ ಮಾತನಾಡುತ್ತಾರಾ ಎಂಬುದನ್ನು ನೋಡಿ. ಲಂಚಕ್ಕೆ ನಮ್ಮ ಜನ ಇಟ್ಟ ಹೆಸರನ್ನೇ ನೋಡಿ: ‘ಮಾಮೂಲು’. ಅಂದರೆ ಎಂದಿನದು, ರೂಢಿಯದು. ಮೊದಲ ಸಲ ಯಾರೋ ಒಬ್ಬರು ತೆಗೆದುಕೊಂಡಾಗ ಅದು ಮಾಮೂಲಾಗಿರಲಿಲ್ಲ. ಹತ್ತು ಜನ ನೋಡಿ ಸುಮ್ಮನಿದ್ದದ್ದಕ್ಕೆ ಆಯಿತು. ಒಳ್ಳೆಯದು ಮಾಮೂಲಾಗುವುದೂ ಹಾಗೆಯೇ. ಒಬ್ಬರು ಮಾಡಬೇಕು, ಉಳಿದವರ ಕಣ್ಣಿಗೆ ಬೀಳಬೇಕು.

ನಾವು ಬೇರೆಯವರನ್ನು ನೋಡಿ ಕಲಿಯುವವರು ಮಾತ್ರವಲ್ಲ, ನಮ್ಮನ್ನೂ ಯಾರೋ ನೋಡುತ್ತಿರುತ್ತಾರೆ. ಮನೆಯಲ್ಲಿ ಒಂಬತ್ತನೇ ಕ್ಲಾಸಿನ ತಂಗಿಯಿದ್ದಾಳೆ. ಫೋನಿಗೆ ಏನಾದರೂ ಬಂದರೆ ಈಗ ನನಗೆ ತೋರಿಸುತ್ತಾಳೆ. ‘ಇದು ನಿಜವಾ ಅಕ್ಕಾ?’ ಎಂದು ಕೇಳುತ್ತಾಳೆ. ಹೀಗೆ ಕೇಳು ಎಂದು ನಾನು ಹೇಳಿಕೊಟ್ಟಿಲ್ಲ. ಮನೆಯ ಗುಂಪಿನಲ್ಲಿ ಸೋದರಮಾವ ಹಾಕಿದ ಮೆಸೇಜೊಂದಕ್ಕೆ ನಾನು, ‘ಮಾಮಾ, ಇದು ಎಲ್ಲಿಂದ ಬಂತು?’ ಎಂದು ಕೇಳಿದ್ದನ್ನು ಅವಳು ನೋಡಿದ್ದಳು. ಮಾಮ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು. ಅದನ್ನೂ ಅವಳು ನೋಡಿದ್ದಾಳೆ. ಆದರೂ ಕೇಳುತ್ತಾಳೆ.

ಸಂದರ್ಶನದ ಫಲಿತಾಂಶ ಇನ್ನೂ ಬಂದಿಲ್ಲ. ಊರಿಗೆ ಬಂದ ದಿನ ಆಯಿ, ‘ಏನೇನು ಕೇಳಿದರು?’ ಎಂದಳು. ಸರಿ ತಪ್ಪು ಎಲ್ಲಿ ಕಲಿತೆ ಅಂತ ಕೇಳಿದರು, ಉತ್ತರ ಬರಲಿಲ್ಲ ಎಂದೆ. ‘ಅದನ್ನೆಲ್ಲ ಯಾರು ಕಲಿಸುತ್ತಾರೆ?’ ಎಂದು ಬುಟ್ಟಿ ಕೆಳಗಿಳಿಸಿ, ಒಂದು ಹಿಡಿ ತಾರ್ಲೆ ಎಲೆಯಲ್ಲಿ ಸುತ್ತಿ ತಂಗಿಯನ್ನು ಕರೆದಳು. ಓಣಿಯ ತುದಿಯ ಅಜ್ಜಿ ಈಗಿಲ್ಲ. ಆ ಮನೆಗೆ ಬೋಟಿನ ಕೆಲಸಕ್ಕೆ ಹೊರರಾಜ್ಯದಿಂದ ಬಂದ ಹುಡುಗರು ಬಾಡಿಗೆಗೆ ಬಂದಿದ್ದಾರೆ. ಅದರಲ್ಲೊಬ್ಬನಿಗೆ ಎರಡು ದಿನದಿಂದ ಜ್ವರವಂತೆ. ತಂಗಿ, ಯಾಕೆ ಎಂದು ಕೇಳದೇ, ಪೊಟ್ಟಣ ಹಿಡಿದು ಓಡಿದಳು.